ಒಂದೇ ಮನೆತನದ ಕತ್ತರಿಗಳು: ಎಂಎಂಪಿ ಕಿಣ್ವಗಳನ್ನು ತಡೆದರೂ ಕ್ಯಾನ್ಸರ್ ಯಾಕೆ ನಿಲ್ಲಲಿಲ್ಲ?

ಮೂರನೇಬೆಂಚು

ಎಲ್ಲರಿಗೂ ನಮಸ್ಕಾರ. ನಾನು ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಎರಡನೇ ವರ್ಷ. ಮುಂದಿನ ವಾರ ನನ್ನ ಸೆಮಿನಾರ್ ಇದೆ, ವಿಷಯ ಮ್ಯಾಟ್ರಿಕ್ಸ್ ಮೆಟಲೋಪ್ರೋಟೀನೇಸ್‌ಗಳು, ಅಂದ್ರೆ ಎಂಎಂಪಿ ಕಿಣ್ವಗಳು. ಪಠ್ಯಪುಸ್ತಕದಲ್ಲಿ ಕಥೆ ಬಹಳ ಸರಳ. ಜೀವಕೋಶಗಳ ಸುತ್ತ ಕೊಲಾಜನ್ ಮುಂತಾದ ನಾರುಗಳ ಹಂದರ ಇರುತ್ತೆ, ಎಂಎಂಪಿಗಳು ಅದನ್ನ ಕತ್ತರಿಸ್ತವೆ, ಗಡ್ಡೆಯ ಕೋಶಗಳು ಆ ಕಿಂಡಿಯಲ್ಲಿ ನುಸುಳಿ ಬೇರೆ ಅಂಗಕ್ಕೆ ಹೋಗಿ ಕೂರ್ತವೆ. ಸರಿ. ಹಾಗಿದ್ರೆ ಕಿಣ್ವಕ್ಕೆ ಬೀಗ ಹಾಕಿದ್ರೆ ಕ್ಯಾನ್ಸರ್ ಹರಡೋದು ನಿಲ್ಲಬೇಕಲ್ವಾ? ಮನುಷ್ಯರಲ್ಲಿ 23 ಎಂಎಂಪಿ ಇವೆಯಂತೆ, ಅದರಲ್ಲಿ ಒಂದನ್ನ ತಡೆಯೋ ಕ್ಯಾನ್ಸರ್ ಔಷಧಿಯೂ ಬಳಕೆಗೆ ಬಂದಿಲ್ಲ. ಗೈಡ್ ಹತ್ರ ಕೇಳಿದ್ರೆ "ಸೈಡ್ ಎಫೆಕ್ಟ್ ಜಾಸ್ತಿ ಇತ್ತು, ಬಿಟ್ರು" ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ರು. ಅಷ್ಟೇನಾ?

ನೀಲಿಜೆಲ್

ಅಷ್ಟೇ ಆಗಿದ್ದರೆ ನಾನು ಇಷ್ಟು ಹೊತ್ತಿಗೆ ಬೇರೆ ಕೆಲಸ ಹಿಡಿದಿರುತ್ತಿದ್ದೆ. ಹದಿನೈದು ವರ್ಷದಿಂದ ಇದೇ ಕಿಣ್ವಗಳ ಬೆನ್ನು ಹತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಈ ಕಥೆಯನ್ನು ಕ್ಯಾನ್ಸರಿನಿಂದ ಶುರು ಮಾಡಿದ್ದೇ ತಪ್ಪು. ಕಪ್ಪೆಯಿಂದ ಶುರು ಮಾಡಬೇಕು. ಗೊದಮೊಟ್ಟೆ ಕಪ್ಪೆಯಾಗುವಾಗ ಅದರ ಬಾಲ ಏನಾಗುತ್ತದೆ? ಉದುರುವುದಿಲ್ಲ, ಕರಗಿ ಹೋಗುತ್ತದೆ. 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೆರ್ ಆ ಬಾಲದ ಚೂರುಗಳನ್ನು ಕೊಲಾಜನ್ ಜೆಲ್ ಮೇಲೆ ಇಟ್ಟು ಕಾದರು. ಚೂರಿನ ಸುತ್ತ ಜೆಲ್ ಕರಗಿತು. ಕೊಲಾಜನ್ ಎಂದರೆ ಮೂರು ಎಳೆ ಹೊಸೆದ ಹಗ್ಗ, ಮಾಮೂಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳಿಗೆ ಅದು ಜಗ್ಗುವುದಿಲ್ಲ. ಅದನ್ನು ಕತ್ತರಿಸಬಲ್ಲ ಕಿಣ್ವ ಪ್ರಾಣಿಯ ಮೈಯೊಳಗೇ ಇದೆ ಎಂದು ಗೊತ್ತಾದದ್ದು ಹೀಗೆ. ಈ ಮನೆತನ ನಮಗೆ ಮೊದಲು ಸಿಕ್ಕಿದ್ದು ರೋಗದಲ್ಲಲ್ಲ, ಬೆಳವಣಿಗೆಯಲ್ಲಿ.

ನಮ್ಮ ಮೈಯಲ್ಲೂ ಹಾಗೆಯೇ. ಗಾಯ ಮಾಯುವಾಗ ಹೊಸ ಚರ್ಮದ ಕೋಶಗಳು ಮುಂದೆ ಸರಿಯಲು ಇವು ಬೇಕು. ತಿಂಗಳ ಮುಟ್ಟಿನಲ್ಲಿ ಪ್ರೊಜೆಸ್ಟರಾನ್ ಇಳಿದ ಕೂಡಲೇ ಗರ್ಭಕೋಶದ ಒಳಪದರ ಕಳಚುವುದು ಇವುಗಳಿಂದ. ಹೆರಿಗೆಯಾದ ಮೇಲೆ ಗರ್ಭಕೋಶ ಮೊದಲಿನ ಗಾತ್ರಕ್ಕೆ ಕುಗ್ಗುವಾಗ ಕೊಲಾಜನ್ ರಾಶಿಯನ್ನು ತೆರವು ಮಾಡುವುದೂ ಇವೇ. ಮಕ್ಕಳ ಎಲುಬು ಉದ್ದವಾಗಬೇಕಾದರೆ ಮೃದ್ವಸ್ಥಿ ಕರಗಿ ಅಲ್ಲಿಗೆ ರಕ್ತನಾಳ ನುಗ್ಗಬೇಕು. ಎಂಎಂಪಿ-9 ಇಲ್ಲದ ಇಲಿಗಳಲ್ಲಿ ಆ ಕೆಲಸ ತಡವಾಗುವುದನ್ನು 1998ರಲ್ಲಿ ತೋರಿಸಿದರು. ಎಂಎಂಪಿ-14 ಇಲ್ಲದ ಇಲಿಮರಿಗಳದ್ದು ಇನ್ನೂ ಕಷ್ಟ, ಎಲುಬು ಕೀಲು ಎಲ್ಲ ಕೆಟ್ಟು ಕೆಲವೇ ವಾರಗಳಲ್ಲಿ ಸಾಯುತ್ತವೆ.

ಮನುಷ್ಯರಲ್ಲಿ ಇನ್ನೂ ವಿಚಿತ್ರ. ಎಂಎಂಪಿ-2 ಜೀನ್ ಎರಡೂ ಕಡೆಯಿಂದ ಕೆಟ್ಟು ಬಂದ ಮಕ್ಕಳಿಗೆ ಕೈಕಾಲಿನ ಸಣ್ಣ ಎಲುಬುಗಳು ಸವೆದು ಕರಗುತ್ತವೆ, 2001ರಲ್ಲಿ ಇದರ ಕಾರಣ ಪತ್ತೆಯಾಯಿತು. ಕತ್ತರಿ ಇಲ್ಲದಿದ್ದರೆ ಎಲುಬು ಹೆಚ್ಚಬೇಕಿತ್ತು ಅಂತ ಯಾರಿಗಾದರೂ ಅನಿಸುತ್ತದೆ. ಆಗಿದ್ದು ಉಲ್ಟಾ. ನಿಮ್ಮ ಸೆಮಿನಾರಿನ ಮೊದಲ ಸ್ಲೈಡಿಗೆ ಇದನ್ನೇ ಹಾಕಿ. "ಕತ್ತರಿ ಎಂದರೆ ನಾಶ" ಎಂಬ ಸಮೀಕರಣ ಅಲ್ಲೇ ಬಿದ್ದು ಹೋಗುತ್ತದೆ.

ಮೂರನೇಬೆಂಚು

ಅಯ್ಯೋ ಸರ್, ಇದ್ಯಾವುದೂ ನಮ್ಮ ನೋಟ್ಸಲ್ಲಿ ಇಲ್ಲ. 23 ಕಿಣ್ವಗಳನ್ನ ಒಂದೇ ಮನೆತನ ಅನ್ನೋದು ಯಾಕೆ? ಕೆಲಸ ಬೇರೆ ಬೇರೆ ಅಲ್ವಾ?

ನೀಲಿಜೆಲ್

ಸರ್ ಅಲ್ಲ, ಮೇಡಂ. ಪರವಾಗಿಲ್ಲ, ಅಭ್ಯಾಸವಾಗಿದೆ.

ಬಾಯಿ ಒಂದೇ ಥರ ಇರುವುದರಿಂದ. ಕತ್ತರಿಸುವ ಜಾಗದ ನಡುವೆ ಒಂದು ಸತುವಿನ ಅಯಾನು, ಅದನ್ನು ಹಿಡಿದುಕೊಂಡ ಹಿಸ್ಟಿಡಿನ್ ಎಂಬ ಮೂರು ಅಮೈನೋ ಆಮ್ಲಗಳು. ಹೆಸರಿನಲ್ಲಿರುವ 'ಮೆಟಲೋ' ಅದೇ ಸತು. ಹುಟ್ಟುವಾಗ ಕಿಣ್ವಕ್ಕೆ ಬಾಯಿ ಮುಚ್ಚಿದ ಒಂದು ಬಾಲ ಇರುತ್ತದೆ. ಆ ಬಾಲದಲ್ಲಿರುವ ಸಿಸ್ಟೀನ್ ಎಂಬ ಇನ್ನೊಂದು ಅಮೈನೋ ಆಮ್ಲ ಸತುವನ್ನು ಕಚ್ಚಿ ಹಿಡಿದಿರುವ ತನಕ ಕಿಣ್ವ ಮಲಗಿರುತ್ತದೆ, ಬಿಟ್ಟರೆ ಎದ್ದಿತು. ಇದಕ್ಕೆ ಸಿಸ್ಟೀನ್ ಸ್ವಿಚ್ ಎಂದು ಹೆಸರು. ಮೇಲಿಂದ ಟಿಂಪ್ ಎಂಬ ನಾಲ್ಕು ಕಾವಲು ಪ್ರೋಟೀನ್‌ಗಳಿವೆ, ಎದ್ದ ಕಿಣ್ವದ ಬಾಯಿಗೆ ಬೆಣೆ ಹೊಡೆಯಲು.

ಇಲ್ಲೂ ಒಂದು ತಮಾಷೆ ಕೇಳಿ. ಎಂಎಂಪಿ-14 ಕೋಶದ ಪೊರೆಗೇ ನಾಟಿಕೊಂಡಿರುತ್ತದೆ. ಟಿಂಪ್-2 ಬಂದು ಅದರ ಬಾಯಿ ಮುಚ್ಚುತ್ತದೆ, ಹೌದು. ಆದರೆ ಟಿಂಪ್-2ರ ಇನ್ನೊಂದು ತುದಿ ಮಲಗಿದ ಎಂಎಂಪಿ-2ನ್ನು ಹಿಡಿದು ತರುತ್ತದೆ, ಪಕ್ಕದಲ್ಲಿರುವ ಇನ್ನೊಂದು ಎಂಎಂಪಿ-14 ಅದರ ಬಾಲ ಕತ್ತರಿಸಿ ಎಬ್ಬಿಸುತ್ತದೆ. ಕಾವಲುಗಾರನೇ ಕೈ ಹಿಡಿದು ಒಳಗೆ ಕರೆತಂದಂತಾಯಿತು. ಅದಕ್ಕೇ "ಟಿಂಪ್ ಹೆಚ್ಚಿದ್ದರೆ ಒಳ್ಳೆಯದು" ಅಂತ ಬರೆದ ಪ್ರಬಂಧ ಕಂಡರೆ ನಾನು ಎರಡು ಸಲ ಓದುತ್ತೇನೆ.

ಔಷಧಲೆಕ್ಕ

ನೀಲಿಜೆಲ್ ಮೇಡಂ ಹೇಳಿದ್ದು ಜೀವಶಾಸ್ತ್ರ. ಔಷಧ ಪರೀಕ್ಷೆಗಳ ಕಡೆಯಿಂದ ನಾನು ಸೇರಿಸುತ್ತೇನೆ, ಆ ಅಂಕಿಗಳನ್ನು ಓದುವುದೇ ನನ್ನ ಕೆಲಸ.

1990ರ ದಶಕದಲ್ಲಿ ಆಸೆ ದೊಡ್ಡದಿತ್ತು. 1980ರಲ್ಲೇ ಲಯೋಟ ಮತ್ತು ಸಂಗಡಿಗರು, ಹೆಚ್ಚು ಹರಡುವ ಗಡ್ಡೆಕೋಶಗಳು ನಾಲ್ಕನೇ ಬಗೆಯ ಕೊಲಾಜನ್ ಅನ್ನು ಹೆಚ್ಚು ಕರಗಿಸುತ್ತವೆ ಎಂದು ತೋರಿಸಿದ್ದರು. ಅಂಗಾಂಶಗಳ ತಳಕ್ಕೆ ಹಾಸಿದ ತೆಳು ಪೊರೆ ಈ ಕೊಲಾಜನ್ನಿನದು. ಹಾಗಾಗಿ ಸತುವನ್ನೇ ಹಿಡಿದುಕೊಳ್ಳುವ ಅಣುಗಳನ್ನು ಮಾಡಿದರು. ಬಾಟಿಮಾಸ್ಟಾಟ್ ಮೊದಲು ಬಂತು, ನುಂಗಿದರೆ ಮೈಗೆ ಹತ್ತುತ್ತಿರಲಿಲ್ಲ. ಆಮೇಲೆ ಗುಳಿಗೆಯಾಗಿ ಮಾರಿಮಾಸ್ಟಾಟ್. ತೆಗೆದುಕೊಂಡವರಿಗೆ ಕೈಬೆರಳಿನ ಸಣ್ಣ ಕೀಲುಗಳಲ್ಲಿ ನೋವು ಶುರುವಾಗಿ ತೋಳು, ಭುಜಕ್ಕೆ ಏರುತ್ತಿತ್ತು. ಔಷಧ ನಿಲ್ಲಿಸಿದರೆ ಇಳಿಯುತ್ತಿತ್ತು. ಪ್ರಮಾಣ ತಗ್ಗಿಸಿದರೆ ಕಿಣ್ವ ಸರಿಯಾಗಿ ತಡೆಯುತ್ತಿದೆಯೋ ಇಲ್ಲವೋ ಎಂಬ ಅನುಮಾನ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಜೆಮ್ಸಿಟಬೀನ್ ಎಂಬ ಕೀಮೋ ಔಷಧಕ್ಕಿಂತ ಮೇಲಾಗಲಿಲ್ಲ.

ಇಲ್ಲಿಯವರೆಗೆ ನಿಮ್ಮ ಗೈಡ್ ಹೇಳಿದ್ದು ಸರಿ. ಮುಂದಿನದು ನೋಡಿ. ಟಾನೊಮಾಸ್ಟಾಟ್ ಎಂಬ ಇನ್ನೊಂದು ಅಣು ಬಂತು, ಅದರಲ್ಲಿ ಆ ಕೀಲುನೋವಿನ ಕಾಟ ಇರಲಿಲ್ಲ. ಅದನ್ನೂ ಜೆಮ್ಸಿಟಬೀನನ್ನೂ ಎದುರುಬದುರು ಇಟ್ಟು 277 ಮೇದೋಜೀರಕ ಕ್ಯಾನ್ಸರ್ ರೋಗಿಗಳಲ್ಲಿ ನೋಡಿದರು. ಜೆಮ್ಸಿಟಬೀನ್ ಪಡೆದವರ ಬದುಕಿನ ಮಧ್ಯಾಂಕ 6.59 ತಿಂಗಳು, ಟಾನೊಮಾಸ್ಟಾಟ್ ಪಡೆದವರದ್ದು 3.74 ತಿಂಗಳು. ಸಣ್ಣಕೋಶದ ಶ್ವಾಸಕೋಶ ಕ್ಯಾನ್ಸರಿನಲ್ಲೂ ಹೀಗೇ ಉಲ್ಟಾ ಹೊಡೆಯಿತು, 1999ರಲ್ಲಿ ಪರೀಕ್ಷೆಗಳನ್ನು ನಿಲ್ಲಿಸಿದರು.

ಆದ್ದರಿಂದ "ಸೈಡ್ ಎಫೆಕ್ಟ್" ಎಂಬ ಒಂದು ಸಾಲಿನ ಉತ್ತರ ಸಾಲದು. ನೋವಿಲ್ಲದ ಔಷಧವೂ ಸೋತಿತು.

ನನ್ನ ಅಭಿಪ್ರಾಯ ಕೇಳಿದರೆ ಸಮಯ ತಪ್ಪಿತ್ತು. ಇಲಿಗಳಲ್ಲಿ ಬಾಟಿಮಾಸ್ಟಾಟ್ ಕೆಲಸ ಮಾಡಿದ್ದು ಗಡ್ಡೆ ಚಿಗುರುವ ಹಂತದಲ್ಲಿ. ಮನುಷ್ಯರಿಗೆ ಕೊಟ್ಟಿದ್ದು ಆಗಲೇ ಹರಡಿ ಮುಗಿದ ಹಂತದಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಲೆಕ್ಕ.

ಸುಮ್ನೆಓದುಗ

ನಾನು ವಿಜ್ಞಾನದವನಲ್ಲ, ಓದ್ತಾ ಹೋದೆ, ನಿಲ್ಲಿಸೋಕೆ ಆಗಲಿಲ್ಲ. ಒಂದು ಪ್ರಶ್ನೆ. ನಮ್ಮ ಚಿಕ್ಕಮ್ಮನ ಹೆಲ್ತ್ ಚೆಕಪ್ ರಿಪೋರ್ಟಿನಲ್ಲಿ "ಸೀರಂ ಎಂಎಂಪಿ-9" ಅಂತ ಒಂದು ಸಾಲು, ಪಕ್ಕದಲ್ಲಿ ಕೆಂಪು ಬಾಣ ಮೇಲಕ್ಕೆ. ಅವರು ಇಂಟರ್‌ನೆಟ್‌ನಲ್ಲಿ ಹುಡುಕಿ ಕ್ಯಾನ್ಸರ್ ಅಂತ ತೀರ್ಮಾನ ಮಾಡ್ಕೊಂಡು ಮೂರು ದಿನದಿಂದ ನಿದ್ದೆ ಮಾಡಿಲ್ಲ. ಏನು ಹೇಳಲಿ?

ನೀಲಿಜೆಲ್

ಮೊದಲು ನಿದ್ದೆ ಮಾಡಲು ಹೇಳಿ. ಆಮೇಲೆ ಇದನ್ನು ಓದಿ ಹೇಳಿ.

ಎಂಎಂಪಿ-9 ನಮ್ಮ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳ ಜೇಬಿನಲ್ಲಿ ಸದಾ ತುಂಬಿಯೇ ಇರುತ್ತದೆ. ಸೀರಂ ಬೇಕೆಂದರೆ ರಕ್ತವನ್ನು ಟ್ಯೂಬಿನಲ್ಲಿ ಹೆಪ್ಪುಗಟ್ಟಲು ಬಿಡಬೇಕು. ಹೆಪ್ಪುಗಟ್ಟುವಾಗ ಈ ಕಣಗಳು ಜೇಬು ಖಾಲಿ ಮಾಡುತ್ತವೆ. ಟ್ಯೂಬ್ ಎಷ್ಟು ಹೊತ್ತು ಸ್ಟ್ಯಾಂಡಿನಲ್ಲಿ ನಿಂತಿತ್ತು ಎಂಬುದರ ಮೇಲೆ ಅಂಕಿ ಏರುತ್ತದೆ. ಅದೇ ಮನುಷ್ಯನ ಅದೇ ರಕ್ತವನ್ನು ಹೆಪ್ಪುಗಟ್ಟದಂತೆ ಪ್ಲಾಸ್ಮಾ ಮಾಡಿ ಅಳೆದರೆ ಅಂಕಿ ಬಹಳ ಕಡಿಮೆ. ಕೆಮ್ಮು, ನೆಗಡಿ, ಒಸಡಿನ ಉರಿಯೂತ, ಬೀಡಿ ಸಿಗರೇಟು, ಯಾವುದರಲ್ಲಿ ಬೇಕಾದರೂ ಇದು ಏರಬಹುದು. ಇದೊಂದನ್ನೇ ಹಿಡಿದು ಕ್ಯಾನ್ಸರ್ ಹೌದು ಅಲ್ಲ ಎಂದು ಯಾರೂ ಹೇಳುವುದಿಲ್ಲ.

ನನ್ನ ಹೊಟ್ಟೆಯುರಿ ಕೂಡ ಹೇಳಿಬಿಡುತ್ತೇನೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಮೈನಸ್ 80 ಫ್ರೀಜರಿನಲ್ಲಿ ನನಗಿಂತ ಮುಂಚಿನವರು ಇಟ್ಟುಹೋದ ನೂರಾರು ಸೀರಂ ಟ್ಯೂಬುಗಳಿದ್ದವು. ಮೇಲೆ ಚೆಂದದ ಕೈಬರಹದ ಲೇಬಲ್. ರಕ್ತ ತೆಗೆದದ್ದು ಯಾವಾಗ, ಸೀರಂ ಬೇರ್ಪಡಿಸಲು ಯಂತ್ರದಲ್ಲಿ ತಿರುಗಿಸಿದ್ದು ಯಾವಾಗ ಎಂದು ಮಾತ್ರ ಒಂದರ ಮೇಲೂ ಇಲ್ಲ. ಎಂಎಂಪಿ-9ರ ಮಟ್ಟಿಗೆ ಅಷ್ಟೂ ಕಸ. ಆರು ತಿಂಗಳು ಅಳೆದ ಮೇಲೆ ಇದು ಹೊಳೆದದ್ದು ನನ್ನ ಬುದ್ಧಿವಂತಿಕೆ.

ಸಂಜೆಡ್ಯೂಟಿ

ಸುಮ್ನೆಓದುಗ ಅವರೇ, ನಾನು ರಕ್ತರೋಗಗಳ ವಿಭಾಗದ ವೈದ್ಯೆ. ಮೇಲಿನ ಮಾತಿಗೆ ನನ್ನದೂ ಸಹಿ. ಚಿಕ್ಕಮ್ಮನಿಗೆ ಬೇರೆ ಏನಾದರೂ ತೊಂದರೆಯಿದ್ದರೆ ಅವರ ವೈದ್ಯರನ್ನು ಆ ತೊಂದರೆಗಾಗಿ ಕಾಣಲಿ, ಬಾಣಕ್ಕಾಗಿ ಬೇಡ.

ಮೂರನೇಬೆಂಚು, ನಿಮ್ಮ ಪಟ್ಟಿಯಲ್ಲಿ ದಾಯಾದಿಗಳನ್ನು ಮರೆಯಬೇಡಿ. ಎಂಎಂಪಿಗಳ ದೊಡ್ಡ ಕುಲಕ್ಕೆ ಮೆಟ್‌ಜಿಂಕಿನ್ ಎನ್ನುತ್ತಾರೆ. ಅದರೊಳಗೆ ಆಡಮ್ ಮತ್ತು ಆಡಮ್‌ಟಿಎಸ್ ಎಂಬ ಕವಲುಗಳೂ ಇವೆ, ಬಾಯಲ್ಲಿ ಅದೇ ಸತು. ನನ್ನ ಕೆಲಸದಲ್ಲಿ ನಿತ್ಯ ಬರುವ ಹೆಸರು ಆಡಮ್‌ಟಿಎಸ್-13. ರಕ್ತನಾಳದಲ್ಲಿ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಉದ್ದನೆಯ ಅಂಟುದಾರ ಬಿಚ್ಚಿಕೊಳ್ಳುತ್ತದೆ. ಅದನ್ನು ಚಿಕ್ಕದಾಗಿ ಕತ್ತರಿಸುವುದು ಈ ಕಿಣ್ವದ ಏಕೈಕ ದೊಡ್ಡ ಕೆಲಸ. ಕತ್ತರಿಸದಿದ್ದರೆ ದಾರಕ್ಕೆ ಪ್ಲೇಟ್‌ಲೆಟ್‌ಗಳು ಅಂಟಿ ಮಿದುಳು, ಮೂತ್ರಪಿಂಡ, ಹೃದಯದ ಸಣ್ಣ ನಾಳಗಳೆಲ್ಲ ಕಟ್ಟುತ್ತವೆ. ಟಿಟಿಪಿ ಎಂಬ ಕಾಯಿಲೆ ಇದೇ. ಹೆಚ್ಚಿನವರಲ್ಲಿ ಸ್ವಂತ ರೋಗನಿರೋಧಕ ವ್ಯವಸ್ಥೆಯೇ ಈ ಕಿಣ್ವದ ಮೇಲೆ ಬಿದ್ದಿರುತ್ತದೆ, ಕೆಲವರಲ್ಲಿ ಜೀನೇ ಕೆಟ್ಟಿರುತ್ತದೆ. ಪ್ಲಾಸ್ಮಾ ಬದಲಿಸುವ ಚಿಕಿತ್ಸೆ ಬರುವ ಮುಂಚೆ ನೂರಕ್ಕೆ ತೊಂಬತ್ತರಷ್ಟು ಜನ ಉಳಿಯುತ್ತಿರಲಿಲ್ಲ.

ಅಂದರೆ ಈ ಕುಲದ ಒಂದು ಕತ್ತರಿ ಕೈಕೊಟ್ಟರೂ ಜೀವಕ್ಕೆ ಅಪಾಯ. ಸತುವನ್ನು ಕಂಡಲ್ಲೆಲ್ಲ ಹಿಡಿಯುವ ಗುಳಿಗೆ ಕೊಟ್ಟರೆ ಏನೇನು ಸಿಕ್ಕಿಬೀಳಬಹುದು ಯೋಚಿಸಿ.

ಔಷಧಲೆಕ್ಕ

ಸರಿಯಾದ ಮಾತು. ಆಡಮ್-17 ಕೂಡ ಆ ಹಳೆಯ ಅಣುಗಳ ಬಲೆಗೆ ಬೀಳುತ್ತಿತ್ತು. ಉರಿಯೂತ ತರುವ ಟಿಎನ್‌ಎಫ್ ಅನ್ನು ಕೋಶದ ಪೊರೆಯಿಂದ ಬಿಡಿಸುವ ಕಿಣ್ವ ಅದು, 1997ರಲ್ಲಿ ಪತ್ತೆಯಾಗಿದ್ದು. ಎಂಎಂಪಿ ಪರೀಕ್ಷೆಗಳು ಆಗಲೇ ನಡೆಯುತ್ತಿದ್ದವು.

ನಿರ್ವಾಹಕ

"ಎಂಎಂಪಿ ಬ್ಲಾಕ್ ಮಾಡುವ ನೈಸರ್ಗಿಕ ಕ್ಯಾಪ್ಸೂಲ್" ಎಂಬ ಪೋಸ್ಟನ್ನು ತೆಗೆದಿದ್ದೇನೆ. ಇದು ಮೂರನೇ ಸಲ. ಅದೇ ವ್ಯಕ್ತಿ ಹೊಸ ಹೆಸರಿನಲ್ಲಿ ಬಂದಿದ್ದರೆ ನಾಲ್ಕನೆಯದನ್ನೂ ತೆಗೆಯುತ್ತೇನೆ. ಚರ್ಚೆ ಮುಂದುವರಿಯಲಿ.

ಹಲ್ಲುಡಾಕ್ಟ್ರು

ಆ ಕ್ಯಾಪ್ಸೂಲ್ ಮಾರುವವನಿಗೆ ಉತ್ತರ ಬರೆದಿಟ್ಟಿದ್ದೆ, ವೇಸ್ಟ್ ಆಯ್ತು. ಇರಲಿ, ಇಲ್ಲಿ ಹಾಕ್ತೀನಿ.

ಎಂಎಂಪಿ ತಡೆಯುವ ಔಷಧಿ ಒಂದೂ ಇಲ್ಲ ಅನ್ನೋದು ಪೂರ್ತಿ ಸರಿಯಲ್ಲ. ಕ್ಯಾನ್ಸರಿಗೆ ಇಲ್ಲ, ಒಸಡಿಗೆ ಇದೆ. ಡಾಕ್ಸಿಸೈಕ್ಲಿನ್ ಎಲ್ಲರಿಗೂ ಆಂಟಿಬಯಾಟಿಕ್ ಅಂತ ಗೊತ್ತು. 20 ಮಿಲಿಗ್ರಾಂ ದಿನಕ್ಕೆರಡು ಸಲ ಕೊಟ್ಟರೆ ಬ್ಯಾಕ್ಟೀರಿಯಾ ಸಾಯುವಷ್ಟು ಆಗಲ್ಲ, ಆದರೆ ಹಲ್ಲನ್ನು ಹಿಡಿದಿಟ್ಟ ಕೊಲಾಜನ್ ತಿನ್ನೋ ಎಂಎಂಪಿಗಳು ತಣ್ಣಗಾಗ್ತವೆ. 1998ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು, ಹಲ್ಲು ಸುತ್ತಲಿನ ಕ್ಲೀನಿಂಗ್ ಜೊತೆಗೆ ಕೊಡುವ ಔಷಧಿಯಾಗಿ. ಇಡೀ ಮನೆತನದಲ್ಲಿ ದಡ ಸೇರಿದ ತಡೆ ಇದೊಂದೇ ಅಂತ ನಾವು ಹಲ್ಲಿನವರು ಮೀಸೆ ತಿರುವೋದುಂಟು.

ಇನ್ನೊಂದು ನಮ್ಮ ಕಡೆಯ ಕಿಣ್ವ ಎಂಎಂಪಿ-20. ಹಲ್ಲಿನ ಎನಾಮೆಲ್ ಗಟ್ಟಿಯಾಗುವ ಮುಂಚೆ ಅದರೊಳಗಿನ ಪ್ರೋಟೀನ್ ತೆರವಾಗಬೇಕು. ಈ ಕಿಣ್ವ ಕೆಟ್ಟ ಮಕ್ಕಳಿಗೆ ಹಲ್ಲು ಮೂಡುತ್ತೆ, ಎನಾಮೆಲ್ ಮಾತ್ರ ಮೆತ್ತಗೆ, ಬಣ್ಣ ಕೆಟ್ಟು ಬೇಗ ಸವೆಯುತ್ತೆ.

ಒಸಡಿನಲ್ಲಿ ಮುಖ್ಯ ಕಳ್ಳ ಎಂಎಂಪಿ-8. ಅದರ ಬಗ್ಗೆ ನೀಲಿಜೆಲ್ ಮೇಡಂ ಏನಾದ್ರೂ ಹೇಳ್ತಾರೆ ಅಂತ ಕಾಯ್ತಿದ್ದೀನಿ.

ನೀಲಿಜೆಲ್

ಡಾಕ್ಟ್ರೇ, ನಿಮ್ಮ ಕಳ್ಳನೇ ನಮ್ಮಲ್ಲಿ ಕಾವಲುಗಾರ. ಅದೇ ನನ್ನ ಮುಖ್ಯ ಮಾತು, ಇಷ್ಟು ಹೊತ್ತು ಅಲ್ಲಿಗೆ ಬರುತ್ತಿದ್ದೆ.

2003ರಲ್ಲಿ ಲೋಪೆಜ್-ಓಟಿನ್ ಅವರ ಗುಂಪು ಎಂಎಂಪಿ-8 ಇಲ್ಲದ ಇಲಿಗಳಿಗೆ ಚರ್ಮದ ಮೇಲೆ ಕ್ಯಾನ್ಸರ್ ತರುವ ರಾಸಾಯನಿಕ ಹಚ್ಚಿತು. ಕತ್ತರಿ ಕಡಿಮೆಯಾದರೆ ಗಡ್ಡೆ ಕಡಿಮೆಯಾಗಬೇಕು ತಾನೇ? ಗಂಡು ಇಲಿಗಳಲ್ಲಿ ಗಡ್ಡೆ ಜಾಸ್ತಿಯಾಯಿತು. ಹೆಣ್ಣಿಲಿಗಳಲ್ಲಿ ಆಗಲಿಲ್ಲ. ಅಂಡಾಶಯ ತೆಗೆದರೆ ಅಥವಾ ಈಸ್ಟ್ರೋಜನ್ ಹಾರ್ಮೋನನ್ನು ತಡೆಯುವ ಟಮಾಕ್ಸಿಫೆನ್ ಕೊಟ್ಟರೆ ಅವುಗಳಲ್ಲೂ ಆಯಿತು. ಸಾಮಾನ್ಯ ಇಲಿಯ ಮೂಳೆಮಜ್ಜೆ ಹಾಕಿ ನ್ಯೂಟ್ರೋಫಿಲ್‌ಗಳು ಮತ್ತೆ ಎಂಎಂಪಿ-8 ತರುವಂತೆ ಮಾಡಿದಾಗ ರಕ್ಷಣೆ ಮರಳಿತು. ಆ ಕಿಣ್ವ ಉರಿಯೂತವನ್ನು ಹೊತ್ತಿಗೆ ಸರಿಯಾಗಿ ಮುಗಿಸುವ ಕೆಲಸ ಮಾಡುತ್ತಿತ್ತು. ಅದಿಲ್ಲದೆ ನ್ಯೂಟ್ರೋಫಿಲ್‌ಗಳು ತಡವಾಗಿ ಬಂದು, ಬಂದ ಮೇಲೆ ಹೋಗದೆ ಅಲ್ಲೇ ಠಿಕಾಣಿ ಹೂಡಿದವು.

ಎಂಎಂಪಿ-12 ಇನ್ನೊಂದು. ಅದಿಲ್ಲದ ಇಲಿಗಳಿಗೆ ಎಷ್ಟು ಸಿಗರೇಟು ಹೊಗೆ ಹಾಕಿದರೂ ಶ್ವಾಸಕೋಶದ ಗೂಡುಗಳು ಹರಿಯಲಿಲ್ಲ, 1997ರ ಕೆಲಸ. ಶ್ವಾಸಕೋಶಕ್ಕೆ ಅದು ವೈರಿ. ಅದೇ ಕಿಣ್ವ ರಕ್ತದಲ್ಲಿರುವ ಪ್ಲಾಸ್ಮಿನೋಜನ್ ಎಂಬ ಪ್ರೋಟೀನ್ ಕತ್ತರಿಸಿ ಆಂಜಿಯೋಸ್ಟಾಟಿನ್ ಎಂಬ ತುಣುಕು ಮಾಡುತ್ತದೆ, ಆ ತುಣುಕು ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುತ್ತದೆ.

ಎಂಎಂಪಿ-9 ಒಂದರಲ್ಲೇ ಎರಡು ಮುಖ. 2000ರಲ್ಲಿ ತೋರಿಸಿದ್ದು: ಅದು ಹಂದರದಲ್ಲಿ ಸಿಕ್ಕಿಹಾಕಿಕೊಂಡಿದ್ದ, ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ಬಿಡಿಸುತ್ತದೆ, ಗಡ್ಡೆಗೆ ರಕ್ತನಾಳ ಬರುತ್ತದೆ. 2003ರಲ್ಲಿ ತೋರಿಸಿದ್ದು: ಅದು ನಾಲ್ಕನೇ ಬಗೆಯ ಕೊಲಾಜನ್ ಕತ್ತರಿಸಿದಾಗ ಟಮ್‌ಸ್ಟಾಟಿನ್ ಎಂಬ ಚೂರು ಹೊರಬರುತ್ತದೆ, ರಕ್ತನಾಳ ನಿಲ್ಲುತ್ತದೆ. ಕತ್ತರಿ ಒಂದೇ, ಬಟ್ಟೆ ಬೇರೆ.

ಔಷಧಲೆಕ್ಕ ಅವರು ಸಮಯ ತಪ್ಪಿತು ಎಂದರು. ನಾನು ಹೇಳುವುದು, ಗುರಿ ತಪ್ಪಿತು. ಬಾಯಿ ಒಂದೇ ಥರ ಇದೆ ಎಂದು ಕೆಲಸವೂ ಒಂದೇ ಥರ ಇರುತ್ತದೆ ಎಂದು ನಂಬಿದರು. ಅಣ್ಣ ತಮ್ಮ ಒಂದೇ ಮೂಗು ಹೊತ್ತಿದ್ದಾರೆಂದು ಒಬ್ಬನ ಸಾಲಕ್ಕೆ ಇನ್ನೊಬ್ಬನನ್ನು ಹಿಡಿದು ತಂದಂತೆ.

ಔಷಧಲೆಕ್ಕ

ಹೋಲಿಕೆ ಚೆನ್ನಾಗಿದೆ, ತೀರ್ಮಾನ ಒಪ್ಪಲಾರೆ. ಗುರಿ ಮಾತ್ರ ತಪ್ಪಿದ್ದರೆ ಒಬ್ಬನನ್ನೇ ಹಿಡಿದಾಗ ಗೆಲ್ಲಬೇಕಿತ್ತು. ಹಿಡಿದು ನೋಡಿದ್ದಾರೆ. ಆಂಡೆಕಾಲಿಕ್ಸಿಮ್ಯಾಬ್ ಎಂಬ ಪ್ರತಿಕಾಯ ಎಂಎಂಪಿ-9 ಒಂದನ್ನೇ ತಡೆಯುತ್ತದೆ, ಉಳಿದ ದಾಯಾದಿಗಳ ತಂಟೆಗೆ ಹೋಗುವುದಿಲ್ಲ. ಜಠರ ಕ್ಯಾನ್ಸರಿನ 432 ರೋಗಿಗಳಲ್ಲಿ ಕೀಮೋ ಜೊತೆ ಕೊಟ್ಟು ನೋಡಿದರು. ಕೀಮೋ ಒಂದನ್ನೇ ಪಡೆದವರಿಗಿಂತ ಅವರ ಆಯುಷ್ಯ ಹೆಚ್ಚಲಿಲ್ಲ, ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಈಗ ಏನಂತೀರಿ?

ನೀಲಿಜೆಲ್

ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ. ಆ ಪರೀಕ್ಷೆ ನನಗೂ ನುಂಗಲಾರದ ತುತ್ತು. ಗುರಿ ಒಂದೇ ಕಾರಣ ಎಂದದ್ದು ನನ್ನ ಉತ್ಸಾಹ, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಎರಡು ವಿಷಯ ಮಾತ್ರ ಸೇರಿಸುತ್ತೇನೆ. ಒಂದು, ಈ ಕತ್ತರಿಗಳನ್ನು ಬಹುಪಾಲು ಹಿಡಿದಿರುವುದು ಗಡ್ಡೆಯ ಕೋಶಗಳಲ್ಲ. 1990ರಲ್ಲಿ ಸ್ತನ ಕ್ಯಾನ್ಸರಿನಲ್ಲಿ ಎಂಎಂಪಿ-11 ಸಿಕ್ಕಿತು, ಗಡ್ಡೆಯ ಕೋಶಗಳಲ್ಲಲ್ಲ, ಸುತ್ತಲಿನ ಮಾಮೂಲಿ ನಾರುಕೋಶಗಳಲ್ಲಿ. ಎಂಎಂಪಿ-9 ಹೆಚ್ಚಾಗಿ ಅಲ್ಲಿಗೆ ಬಂದ ಬಿಳಿರಕ್ತಕಣಗಳದ್ದು. ರಿಪೇರಿಗೆ ಬಂದವರನ್ನೇ ಗಡ್ಡೆ ಕೆಲಸಕ್ಕೆ ಹಚ್ಚುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಬೇಲಿಯನ್ನು ಕಿತ್ತು ಹಾಕುವುದೋ ಬಿಡುವುದೋ, ಎರಡೂ ಕಷ್ಟ.

ಎರಡು, ಕೋಶಕ್ಕೆ ಕತ್ತರಿಯೇ ಬೇಕೆಂದಿಲ್ಲ. 2003ರ ಒಂದು ಪ್ರಯೋಗದಲ್ಲಿ ಗಡ್ಡೆಕೋಶಗಳ ಎಲ್ಲ ಕತ್ತರಿಗಳನ್ನೂ ರಾಸಾಯನಿಕಗಳಿಂದ ತಡೆದು ಕೊಲಾಜನ್ ಜಾಲದಲ್ಲಿ ಬಿಟ್ಟರು. ಅವು ನಿಲ್ಲಲಿಲ್ಲ. ಅಮೀಬಾದ ಹಾಗೆ ಮೈ ಕುಗ್ಗಿಸಿ ರಂಧ್ರಗಳಲ್ಲಿ ತೂರಿದವು. ಕೋಶದ ಉಳಿದ ಮೈಯೆಲ್ಲ ಹಿಟ್ಟಿನ ಹಾಗೆ ಬಾಗುತ್ತದೆ, ನ್ಯೂಕ್ಲಿಯಸ್ ಒಂದು ಅಷ್ಟು ಬಾಗುವುದಿಲ್ಲ. ಅದು ಸಿಕ್ಕಿಹಾಕಿಕೊಳ್ಳುವಷ್ಟು ಜಾಲ ಬಿಗಿಯಿದ್ದರೆ ಮಾತ್ರ ಕತ್ತರಿ ಅನಿವಾರ್ಯ.

ಸುಮ್ನೆಓದುಗ

ಹಾಗಾದ್ರೆ ಈ ಕಿಣ್ವಗಳಿಂದ ಕ್ಯಾನ್ಸರ್ ಚಿಕಿತ್ಸೆಗೆ ಏನೂ ಉಪಯೋಗ ಇಲ್ವಾ? ಚಿಕ್ಕಮ್ಮ ನಿದ್ದೆ ಮಾಡಿದ್ರು ಅಂತ ಹೇಳೋಕೆ ಬಂದೆ, ಥ್ಯಾಂಕ್ಸ್.

ಸಂಜೆಡ್ಯೂಟಿ

ಕೇಳಿ ಸಮಾಧಾನವಾಯಿತು.

ಉಪಯೋಗ ಇದೆ, ಬೇರೆ ದಿಕ್ಕಿನಿಂದ. ಕತ್ತರಿಯನ್ನು ತಡೆಯುವ ಬದಲು ಅದು ಕತ್ತರಿಸಲಿ ಎಂದು ಬಿಟ್ಟು, ಕತ್ತರಿಸಿದ ಜಾಗ ಹೊಳೆಯುವ ಹಾಗೆ ಮಾಡುವುದು. ಪೆಗುಲಿಸಿಯಾನಿನ್ ಎಂಬ ಅಣುವಿನಲ್ಲಿ ಒಂದು ಹೊಳೆಯುವ ಬಣ್ಣ ಇದೆ, ಪಕ್ಕದಲ್ಲೇ ಆ ಹೊಳಪನ್ನು ನುಂಗುವ ಇನ್ನೊಂದು ತುಂಡು. ಗಡ್ಡೆಯ ಬಳಿ ಚುರುಕಾಗಿರುವ ಕ್ಯಾಥೆಪ್ಸಿನ್ ಎಂಬ ಬೇರೆ ಕುಲದ ಕತ್ತರಿಗಳು ಮತ್ತು ಎಂಎಂಪಿಗಳು ನಡುವಿನ ಕೊಂಡಿ ಕತ್ತರಿಸಿದರೆ ಬಣ್ಣ ಬೆಳಗುತ್ತದೆ. ಸ್ತನದ ಗಡ್ಡೆ ತೆಗೆದಾದ ಮೇಲೆ ಶಸ್ತ್ರಚಿಕಿತ್ಸಕರು ಆ ಕುಳಿಯೊಳಗೆ ಕ್ಯಾಮೆರಾ ಇಟ್ಟು, ಏನಾದರೂ ಉಳಿದಿದೆಯೇ ಎಂದು ನೋಡುತ್ತಾರೆ. 2024ರ ಏಪ್ರಿಲಿನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿತು. ತೀವ್ರ ಅಲರ್ಜಿಯ ಎಚ್ಚರಿಕೆ ಔಷಧದ ಅಧಿಕೃತ ವಿವರಪತ್ರದ ಮೊದಲಲ್ಲೇ ಇದೆ, ಹಾಗಾಗಿ ಸುಮ್ಮನೆ ಚುಚ್ಚುವ ವಸ್ತುವಲ್ಲ.

ಔಷಧಲೆಕ್ಕ

ಇದರಲ್ಲಿ ಒಳ್ಳೆಯ ಕತ್ತರಿ ಯಾವುದು ಕೆಟ್ಟದ್ದು ಯಾವುದು ಎಂಬ ಜಗಳವೇ ಇಲ್ಲ, ಯಾರು ಕತ್ತರಿಸಿದರೂ ಬೆಳಕು. ನನಗೆ ಹಿಡಿಸಿತು.

ಮೂರನೇಬೆಂಚು

ಸೆಮಿನಾರ್ ಮುಗೀತು! ಎಂಎಂಪಿ-2 ಸ್ಲೈಡಿನಿಂದಲೇ ಶುರು ಮಾಡಿದೆ ಮೇಡಂ. ಗೈಡ್ ಒಂದು ನಿಮಿಷ ಕನ್ನಡಕ ತೆಗೆದು ನೋಡಿದ್ರು, ಕೊನೆಗೆ "ಮಾತಾಡೋದು ಸಾಕು, ಒಂದು ಜೈಮೋಗ್ರಾಂ ಓಡಿಸಿ ತೋರಿಸು" ಅಂದ್ರು. ಜೈಮೋಗ್ರಾಂ ಅಂದ್ರೆ ಜೆಲಾಟಿನ್ ಬೆರೆಸಿದ ಜೆಲ್‌ನಲ್ಲಿ ಕಿಣ್ವಗಳನ್ನ ಗಾತ್ರದ ಪ್ರಕಾರ ಬೇರೆ ಮಾಡಿ, ಎಲ್ಲಿ ಕತ್ತರಿಸಿದವು ಅಂತ ಬಣ್ಣ ಹಾಕಿ ನೋಡೋ ಪರೀಕ್ಷೆ. ನಿನ್ನೆ ಓಡಿಸಿದೆ. ಜೆಲ್ ಪೂರ್ತಿ ನೀಲಿ, ಒಂದು ಗೆರೆಯೂ ಇಲ್ಲ. ಏನು ತಪ್ಪಿರಬಹುದು?

ನೀಲಿಜೆಲ್

ಸ್ಯಾಂಪಲ್ ಕುದಿಸಿದಿರಾ? ಬಫರಿನಲ್ಲಿ ಪ್ರೋಟೀನಿನ ಗಂಟು ಬಿಚ್ಚುವ ಮರ್‌ಕ್ಯಾಪ್ಟೋಎಥನಾಲ್ ಇತ್ತಾ?

ಮೂರನೇಬೆಂಚು

95 ಡಿಗ್ರಿ ಐದು ನಿಮಿಷ. ವೆಸ್ಟರ್ನ್ ಬ್ಲಾಟ್ ಅನ್ನೋ ಪ್ರೋಟೀನ್ ಪರೀಕ್ಷೆಗೆ ಮಾಡೋ ಹಾಗೆ. ಮರ್‌ಕ್ಯಾಪ್ಟೋನೂ ಇತ್ತು. 🙈

ನೀಲಿಜೆಲ್

ಕೊಂದು ಓಡಿಸಿದ್ದೀರಿ. ನಾನೂ ಮೊದಲ ಸಲ ಮಾಡಿದ್ದು ಇದನ್ನೇ, ನನಗೆ ಯಾರೂ ಹೇಳಲಿಲ್ಲ, ಮೂರು ಜೆಲ್ ಹೋದವು. ಇಲ್ಲಿ ಕಿಣ್ವ ಬದುಕಿರಬೇಕು. ಕುದಿಸಬೇಡಿ, ಮರ್‌ಕ್ಯಾಪ್ಟೋ ಬೇಡ. ಓಡಿದ ಮೇಲೆ ಟ್ರೈಟನ್ ಎಂಬ ಮೃದು ಮಾರ್ಜಕದಲ್ಲಿ ತೊಳೆದು, ಪ್ರೋಟೀನನ್ನು ಬಿಚ್ಚಿಡುವ ಎಸ್‌ಡಿಎಸ್ ತೆಗೆಯಿರಿ, ಅವಸರ ಬೇಡ. ಕ್ಯಾಲ್ಸಿಯಂ ಇರುವ ಬಫರಿನಲ್ಲಿ 37 ಡಿಗ್ರಿಗೆ ರಾತ್ರಿಯಿಡೀ ಬಿಡಿ. ಬೆಳಗ್ಗೆ ಕೂಮಾಸಿ ಎಂಬ ನೀಲಿ ಬಣ್ಣ ಹಾಕಿ. ಕಿಣ್ವ ಜೆಲಾಟಿನ್ ತಿಂದ ಕಡೆ ಬಣ್ಣ ಹಿಡಿಯುವುದಿಲ್ಲ, ನೀಲಿಯಲ್ಲಿ ಬಿಳಿ ಗೆರೆ ಕಾಣುತ್ತದೆ. ಒಂದು ಪಟ್ಟಿಯನ್ನು ಕತ್ತರಿಸಿ ಇಡಿಟಿಎ ಹಾಕಿದ ಬಫರಿನಲ್ಲಿ ಬಿಡಿ. ಅಲ್ಲಿ ಗೆರೆ ಬರಬಾರದು, ಲೋಹ ಕಿತ್ತುಕೊಂಡರೆ ಬಾಯಿಗೆ ಹಲ್ಲಿಲ್ಲ.

ಮೂರನೇಬೆಂಚು

ಬಂತು ಮೇಡಂ!! 92 ಕಿಲೋಡಾಲ್ಟನ್ ಗಾತ್ರದ ಹತ್ರ ದಪ್ಪ ಗೆರೆ, ಅದು ಎಂಎಂಪಿ-9 ಅಲ್ವಾ? 72ರಲ್ಲಿ ಇನ್ನೊಂದು, ಅದರ ಕೆಳಗೆ ತೆಳ್ಳಗೆ ಒಂದು. ಇಡಿಟಿಎ ಪಟ್ಟಿ ಪೂರ್ತಿ ನೀಲಿ. 72 ಅಂದ್ರೆ ಮಲಗಿರೋ ಎಂಎಂಪಿ-2, ಅದು ಕೆಲಸ ಮಾಡಬಾರದು ತಾನೇ? ಮತ್ತೆ ಗೆರೆ ಹೇಗೆ ಬಂತು?

ನೀಲಿಜೆಲ್

ಶಭಾಷ್. ಈ ಪ್ರಶ್ನೆ ಕೇಳದೆ ಪಿಎಚ್‌ಡಿ ಮುಗಿಸಿದವರನ್ನು ಕಂಡಿದ್ದೇನೆ.

ಎಸ್‌ಡಿಎಸ್ ಕಿಣ್ವವನ್ನು ಬಿಚ್ಚುವಾಗ ಸತುವನ್ನು ಕಚ್ಚಿದ್ದ ಬಾಲವೂ ಸಡಿಲವಾಗುತ್ತದೆ. ಟ್ರೈಟನ್‌ನಲ್ಲಿ ಮತ್ತೆ ಮಡಚಿಕೊಂಡಾಗ ಬಾಲ ಮೈಗೆ ಅಂಟಿಕೊಂಡಿದ್ದರೂ ಬಾಯಿ ತೆರೆದಿರುತ್ತದೆ. ಆದ್ದರಿಂದ ಮಲಗಿದ್ದದ್ದೂ ನಿಮ್ಮ ಜೆಲ್ಲಿನಲ್ಲಿ ಎದ್ದು ಕತ್ತರಿಸುತ್ತದೆ. ಕೆಳಗಿನ ತೆಳು ಗೆರೆಯೇ ಬಾಲ ಕಳೆದುಕೊಂಡದ್ದು, ನಿಜವಾಗಿ ಎದ್ದಿದ್ದದ್ದು. ಟಿಂಪ್ ಅಂಟಿಕೊಂಡಿದ್ದರೂ ಎಸ್‌ಡಿಎಸ್‌ನಲ್ಲಿ ಬಿಟ್ಟು ಹೋಗಿರುತ್ತದೆ, ಅದೂ ಇಲ್ಲಿ ಕಾಣುವುದಿಲ್ಲ. ಗೈಡಿಗೆ ತೋರಿಸುವಾಗ 92ರ ದಪ್ಪ ಗೆರೆ ನೋಡಿ "ಕಿಣ್ವ ಬಹಳ ಚುರುಕಾಗಿದೆ" ಅಂತ ಮಾತ್ರ ಹೇಳಬೇಡಿ. ಸ್ಯಾಂಪಲ್ ಸೀರಮ್ಮೋ ಪ್ಲಾಸ್ಮಾವೋ?

ಮೂರನೇಬೆಂಚು

...ಸೀರಂ.